ನೀಲಿ ಕ್ಲಿಪ್ಪಿನ ಕಳ್ಳ

ಬಟ್ಟೆ ಕ್ಲಿಪ್ಪಿನ ಬುಟ್ಟಿಯನ್ನು ರಾತ್ರಿ ಹುಲ್ಲಿನ ಮೇಲೇ ಮರೆತು ಬಂದಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಬುಟ್ಟಿ ಇದೆ, ಕೆಂಪು ಕ್ಲಿಪ್ಪುಗಳಿವೆ, ಹಳದಿ ಇವೆ, ಬಿಳಿ ಇವೆ. ನೀಲಿ ಮಾತ್ರ ಒಂದೂ ಇಲ್ಲ. ಆರೇಳು ನೀಲಿ ಕ್ಲಿಪ್ಪುಗಳಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಪಂಚೆಯಿಂದ ಕಿತ್ತು ಬುಟ್ಟಿಗೆ ಹಾಕಿದವನು ನಾನೇ.

"ಹುಡುಕ್ಬೇಡ ಕಣೋ," ಅಡುಗೆಮನೆ ಕಿಟಕಿಯಿಂದ ಅಕ್ಕನ ಕೂಗು. "ಅವ್ನೇ ಹೊತ್ಕೊಂಡು ಹೋಗಿರ್ತಾನೆ. ಕಾಫಿ ಆರೋಗತ್ತೆ, ಬಾ."

"ಅವ್ನು ಅಂದ್ರೆ ಯಾರು?"

"ಕುಡಿದಾದ್ಮೇಲೆ ತೋರಿಸ್ತೀನಿ. ಎಲ್ಲೂ ಓಡಿಹೋಗಲ್ಲ. ಮೂರು ವರ್ಷದಿಂದ ಅಲ್ಲೇ ಇದಾನೆ."

ಅಕ್ಕನ ಮನೆ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಟ್ಯಾಂಬೊರಿನ್ ಬೆಟ್ಟದಲ್ಲಿ, ಬ್ರಿಸ್ಬೇನಿನ ದಕ್ಷಿಣಕ್ಕೆ. ಹಿತ್ತಲಿನ ಬೇಲಿ ದಾಟಿದರೆ ಮಳೆಕಾಡು. ಅಕ್ಟೋಬರ್ ತಿಂಗಳು, ನಮಗೆ ಶರತ್ಕಾಲವಾದರೆ ಅಲ್ಲಿಗೆ ವಸಂತ. ಬೇಲಿಯಿಂದ ಮೂವತ್ತು ಹೆಜ್ಜೆ ನಡೆದು ಅಕ್ಕ ನಿಂತಳು, ತುಟಿಯ ಮೇಲೆ ಬೆರಳಿಟ್ಟು ಒಂದು ಪೊದೆಯ ಬುಡ ತೋರಿಸಿದಳು. ಮೊದಲು ನನಗೆ ತರಗೆಲೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ನೀಲಿ ಕಂಡಿತು. ಅಬ್ಬಬ್ಬಾ, ಎಷ್ಟೊಂದು ನೀಲಿ!

ಅಲ್ಲೇ ಮೊಣಕಾಲೂರಿ ಕೂತೆ. ನೆಲದಲ್ಲಿ ಒಂದು ಚಾಪೆಯಗಲ ಜಾಗವನ್ನು ಯಾರೋ ಗುಡಿಸಿ ಹಸನು ಮಾಡಿದ್ದಾರೆ. ಅದರ ನಡುವೆ ಸಣ್ಣ ಕಡ್ಡಿಗಳನ್ನು ನೆಟ್ಟಗೆ ಸಿಕ್ಕಿಸಿ ಎಬ್ಬಿಸಿದ ಎರಡು ಗೋಡೆ, ಎತ್ತರ ಒಂದಡಿಯ ಆಸುಪಾಸು. ಎರಡೂ ಮೇಲೆ ಹೋದಂತೆ ಒಳಕ್ಕೆ ಬಾಗಿ ಕಮಾನಾಗಿವೆ. ನಡುವೆ ಒಂದು ಹಕ್ಕಿ ನಿಲ್ಲುವಷ್ಟೇ ಓಣಿ. ಒಂದೊಂದು ಕಡ್ಡಿಯೂ ಅಳತೆ ಮಾಡಿ ತಂದಂತೆ ಸಪೂರ. ಓಣಿಯ ಬಾಯಿಗೆ ಒಣಹುಲ್ಲಿನ ಹಳದಿ ಹಾಸು, ಆ ಹಾಸಿನ ಮೇಲೆ ನೀಲಿಯ ಸಂತೆ: ನೀರಿನ ಬಾಟಲಿಯ ಮುಚ್ಚಳಗಳು, ಪೆನ್ನಿನ ಕ್ಯಾಪು, ಸ್ಟ್ರಾ, ಒಂದು ಟೂತ್‌ಬ್ರಶ್ಶು, ಬಾಡಿದ ನೀಲಿ ಹೂಗಳು, ರೊಸೆಲಾ ಗಿಳಿಯ ಬಾಲದ ಗರಿಗಳು. ಎಡಗಡೆ ಸಾಲಾಗಿ ನನ್ನ ಕ್ಲಿಪ್ಪುಗಳು. ಎಣಿಸಿದೆ. ಆರು.

ಕಳ್ಳನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನಗಿಂತ ಅಚ್ಚುಕಟ್ಟಾಗಿ ಇಟ್ಟಿದ್ದ.

ಇವನು ಸ್ಯಾಟಿನ್ ಬೌವರ್ ಹಕ್ಕಿ. ಮೈನಾಕ್ಕಿಂತ ದೊಡ್ಡದು, ಕಾಗೆಗಿಂತ ಚಿಕ್ಕದು. ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತ ಮೇಲೆ ಬಂದ. ನೆರಳಿನಲ್ಲಿ ಬರೀ ಕಪ್ಪು. ಒಂದು ಹೆಜ್ಜೆ ಮುಂದಿಟ್ಟು ಬಿಸಿಲಿನ ಕೋಲಿಗೆ ಬಂದನೋ ಇಲ್ಲವೋ, ಮೈಯೆಲ್ಲ ಹೊಳೆಯುವ ಕಡುನೀಲಿಯಾಯಿತು, ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದ ಹಾಗೆ. ಕಣ್ಣಂತೂ ನೇರಳೆ! ಆ ಬಣ್ಣದ ಕಣ್ಣು ಒಂದು ಹಕ್ಕಿಗೆ ಇರಬಹುದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಹೆಣ್ಣೂ ಮರಿಗಂಡೂ ಹಸಿರು ಮಿಶ್ರಿತ ಕಂದು, ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆ. ಗಂಡು ಪೂರ್ತಿ ನೀಲಿಯಾಗಲು ಏಳು ವರ್ಷ ಕಾಯಬೇಕು. ಅಲ್ಲಿಯವರೆಗೆ ಹಸಿರು ಅಂಗಿಯಲ್ಲೇ ಹಿರಿಯರ ಅಂಗಳಕ್ಕೆ ಹೋಗುವುದು, ನೋಡಿ ಕಲಿಯುವುದು, ತಾನೂ ಒಂದು ಸೊಟ್ಟಪಟ್ಟ ಚಪ್ಪರ ಕಟ್ಟುವುದು, ಅದು ಬೀಳುವುದು, ಮತ್ತೆ ಕಟ್ಟುವುದು.

ಚಪ್ಪರ ಎಂದೆನಲ್ಲ, ಬೇಕೆಂದೇ ಅಂದೆ. ಇದನ್ನು ಗೂಡು ಎಂದರೆ ಕತೆಯೇ ಕೆಡುತ್ತದೆ. ನಮ್ಮ ಗೀಜಗ ನೇಯುವುದು ಗೂಡು. ಗಂಡು ಅರ್ಧ ನೇಯ್ದು ತೋರಿಸುತ್ತದೆ, ಹೆಣ್ಣು ಒಪ್ಪಿದರೆ ಪೂರ್ತಿಯಾಗುತ್ತದೆ, ಅದರಲ್ಲೇ ಮೊಟ್ಟೆ, ಅದರಲ್ಲೇ ಸಂಸಾರ. ಬೌವರ್ ಹಕ್ಕಿಯ ಈ ಕಟ್ಟಡದಲ್ಲಿ ಮೊಟ್ಟೆ ಇಡುವುದಿಲ್ಲ, ಮರಿ ಸಾಕುವುದಿಲ್ಲ, ಮಳೆ ಬಂದರೆ ಯಾರೂ ಒಳಗೆ ಬಂದು ನಿಲ್ಲುವುದೂ ಇಲ್ಲ. ಮದುವೆ ಚಪ್ಪರದಲ್ಲಿ ಯಾರು ವಾಸ ಮಾಡುತ್ತಾರೆ? ಇದೂ ಹಾಗೆಯೇ. ಹೆಣ್ಣು ನೋಡಲು ಬರಬೇಕು, ಮೆಚ್ಚಬೇಕು, ಅಷ್ಟೇ. ಕೂಡಿದ ಮೇಲೆ ಅವಳು ದೂರದ ಮರದಲ್ಲಿ ತನ್ನ ಗೂಡು ತಾನೇ ಕಟ್ಟಿಕೊಳ್ಳುತ್ತಾಳೆ, ಮರಿಗಳನ್ನು ಒಬ್ಬಳೇ ಬೆಳೆಸುತ್ತಾಳೆ. ಗಂಡಿಗೆ ಆ ಗೂಡಿನ ವಿಳಾಸವೂ ಬೇಡ. ಅವನಿಗೆ ಮುಂದಿನ ಹೆಣ್ಣು ಬರುವುದರೊಳಗೆ ಹೂ ಬದಲಿಸಬೇಕು.

ಇನ್ನೂ ಇದೆ. ನಮ್ಮ ಮುಂದೆಯೇ ಅವನು ಏನನ್ನೋ ಜಗಿಯುತ್ತ ಓಣಿಯೊಳಕ್ಕೆ ಹೋದ, ಗೋಡೆಯ ಕಡ್ಡಿಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ಸವರತೊಡಗಿದ. ಬಣ್ಣ ಹೊಡೆಯುತ್ತಿದ್ದ! ಸೊಪ್ಪುಸದೆ ಅಗಿದು ಎಂಜಲಲ್ಲಿ ಕಲಸಿದ ಬಣ್ಣ. ಹೆಣ್ಣು ಬಂದಾಗ ಆ ಗೋಡೆಗೆ ಕೊಕ್ಕು ತಾಗಿಸಿ ರುಚಿ ನೋಡುವುದುಂಟು. ಓಣಿಯ ದಿಕ್ಕೂ ಸಾಮಾನ್ಯವಾಗಿ ಉತ್ತರ-ದಕ್ಷಿಣ. ವಾಸ್ತು ಯಾರು ಹೇಳಿಕೊಟ್ಟರೋ.

ಇಷ್ಟು ಕಷ್ಟಪಟ್ಟು ಕಟ್ಟಿದ್ದಕ್ಕೆ ಕಾವಲೂ ಬೇಕು. ನನ್ನ ಕ್ಲಿಪ್ಪು ಕದ್ದವನ ಮನೆಗೆ ಕನ್ನ ಹಾಕಲು ಪಕ್ಕದ ಗಂಡುಗಳು ಕಾಯುತ್ತಿರುತ್ತವೆ. ಅವನು ಹೊಟ್ಟೆಪಾಡಿಗೆ ಆಚೆ ಹೋದ ಸಮಯ ನೋಡಿ ಬಂದು ಗಿಳಿಗರಿ ಎತ್ತಿಕೊಂಡು ಹೋಗುತ್ತವೆ, ಸಾಲದ್ದಕ್ಕೆ ಗೋಡೆಯ ಕಡ್ಡಿಗಳನ್ನು ಕಿತ್ತೆಸೆಯುತ್ತವೆ. ಜೆರಾಲ್ಡ್ ಬೋರ್ಜಿಯಾ ಎಂಬ ವಿಜ್ಞಾನಿ ನ್ಯೂ ಸೌತ್ ವೇಲ್ಸಿನ ವಾಲಬಿ ಕ್ರೀಕ್ ಕಾಡಿನಲ್ಲಿ ಚಪ್ಪರಗಳ ಎದುರು ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ಈ ರಾದ್ಧಾಂತವನ್ನೆಲ್ಲ ದಾಖಲಿಸಿದರು. ಚೆಂದದ ಚಪ್ಪರ, ಹೆಚ್ಚು ಒಡವೆ ಇದ್ದವನಿಗೇ ಹೆಚ್ಚು ಹೆಣ್ಣುಗಳು ಒಲಿಯುತ್ತಿದ್ದವು.

ಅದೇ ಕಾಡಿನಲ್ಲಿ ನಡೆದ ಎರಡು ಪ್ರಯೋಗಗಳನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಗೇಲ್ ಪ್ಯಾಟ್ರಿಸೆಲಿ ಒಂದು ಹೆಣ್ಣುಹಕ್ಕಿಯ ರೋಬೋವನ್ನೇ ಮಾಡಿ ಓಣಿಯಲ್ಲಿ ನಿಲ್ಲಿಸಿದರು! ಗರಿ ಹೊದಿಸಿದ ಯಂತ್ರ. ತಲೆ ತಿರುಗಿಸುತ್ತದೆ, ಬೇಕಾದಷ್ಟು ಕುಗ್ಗಿ ಕೂರುತ್ತದೆ. ಗಂಡಿನ ಕುಣಿತವೋ ಹೆದರಿಸುವಂಥದ್ದು. ರೆಕ್ಕೆ ಝಾಡಿಸುವುದು, ಗರಗರ ಸದ್ದು, ಇದ್ದಕ್ಕಿದ್ದಂತೆ ಅತ್ತಿಂದಿತ್ತ ಓಟ. ಹೆಣ್ಣು ಕುಗ್ಗಿ ಕೂತರೆ 'ಇರಲಿ, ಮುಂದುವರಿ' ಎಂದರ್ಥ. ಬೆಚ್ಚಿದರೆ ಆಟ ಮುಗಿಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶ ಇದು: ಗೆಲ್ಲುವ ಗಂಡುಗಳು ಹೆಣ್ಣಿನ ಮೈಭಾಷೆ ನೋಡಿ ತಮ್ಮ ಆರ್ಭಟವನ್ನು ಏರಿಸಿ ಇಳಿಸಿ ಮಾಡುತ್ತವೆ. ಬರೀ ಗಟ್ಟಿಯಾಗಿ ಕುಣಿಯುವುದಲ್ಲ, ಎದುರಿರುವವಳನ್ನು ಗಮನಿಸುವುದೂ ಬೇಕು. ನಮ್ಮಲ್ಲಿ ಎಷ್ಟು ಜನ ಹೆಣ್ಣು ನೋಡಲು ಹೋದಾಗ ಇಷ್ಟು ಗಮನಿಸಿದ್ದೇವೋ!

ಎರಡನೆಯದು ಇನ್ನೂ ತಮಾಷೆ. ಈ ಹಕ್ಕಿಗೆ ನೀಲಿ ಎಷ್ಟು ಪ್ರಾಣವೋ ಕೆಂಪು ಅಷ್ಟು ದ್ವೇಷ. ಅಂಗಳದಲ್ಲಿ ಕೆಂಪು ಕಂಡರೆ ಎತ್ತಿ ದೂರ ಎಸೆದು ಬರುವವರೆಗೆ ಸಮಾಧಾನವಿಲ್ಲ. ಜೇಸನ್ ಕೀಗಿ ಅಂಗಳದಲ್ಲಿ ಕೆಂಪು ವಸ್ತುಗಳನ್ನಿಟ್ಟು ಮೇಲೆ ಪಾರದರ್ಶಕ ಡಬ್ಬಿ ಮುಚ್ಚಿದರು. ಕೆಂಪು ಕಣ್ಣಿಗೆ ಕುಕ್ಕುತ್ತಿದೆ, ಕೊಕ್ಕಿಗೆ ಸಿಗುತ್ತಿಲ್ಲ. ಕೆಲವು ಹಕ್ಕಿಗಳು ಡಬ್ಬಿಯನ್ನೇ ಉರುಳಿಸಿ ಕೆಂಪನ್ನು ಹೊರಗೆಳೆದು ಎಸೆದವು, ಕೆಲವು ಸುಮ್ಮನೆ ಕುಕ್ಕುತ್ತ ಉಳಿದವು. ಬೇಗ ಬಿಡಿಸಿದವುಗಳಿಗೆ ಹೆಚ್ಚು ಜೋಡಿ ಸಿಕ್ಕಿದ್ದವು. ಅಕ್ಕನ ಬುಟ್ಟಿಯ ಕೆಂಪು ಕ್ಲಿಪ್ಪುಗಳು ಯಾಕೆ ಸುರಕ್ಷಿತವಾಗಿದ್ದವು ಎಂಬುದು ನನಗೆ ಆಗ ಅರ್ಥವಾಯಿತು.

ಇದು ಒಂದೇ ಜಾತಿಯ ಕತೆ. ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಎರಡೇ ಕಡೆ ಸಿಗುವ ಬೌವರ್ ಹಕ್ಕಿಗಳ ಕುಟುಂಬದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿವೆ!

ಟ್ಯಾಂಬೊರಿನ್‌ನಲ್ಲೇ ರೀಜೆಂಟ್ ಬೌವರ್ ಹಕ್ಕಿಯೂ ಇದೆ. ಮಧ್ಯಾಹ್ನ ಅಕ್ಕ ಹಣ್ಣಿನ ಸಿಪ್ಪೆ ಸುರಿದ ಕಡೆ ಒಂದು ಬಂದಿಳಿಯಿತು. ಇದ್ದಿಲಿನಂಥ ಕಪ್ಪು, ತಲೆಯಿಂದ ಬೆನ್ನಿನವರೆಗೆ ಚಿನ್ನ, ರೆಕ್ಕೆ ಬಿಚ್ಚಿದರೆ ಎರಡು ಚಿನ್ನದ ಬೀಸಣಿಗೆ. ಅದರ ಹತ್ತಿರದ ಬಂಧು ನ್ಯೂಗಿನಿಯ ದಕ್ಷಿಣದ ತಗ್ಗುಕಾಡಿನ ಜ್ವಾಲೆ ಬೌವರ್ ಹಕ್ಕಿ. ಕೆಂಡದ ಕಿತ್ತಳೆ ಮೈ, ಹಳದಿ ರೆಕ್ಕೆ. ಕುಣಿಯುವಾಗ ಅದರ ಕಣ್ಣಿನ ಪಾಪೆ ಹಿಗ್ಗುತ್ತದೆ, ಕುಗ್ಗುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ವೀಡಿಯೊ ನೋಡಿದಾಗ ಮೈ ಜುಮ್ಮೆಂದಿತು. ಆದರೆ ಇಷ್ಟು ಬೆಡಗಿನ ಈ ಹಕ್ಕಿಗಳ ಚಪ್ಪರ ನೋಡಿದರೆ ನಗು ಬರುತ್ತದೆ: ನಾಲ್ಕು ಕಡ್ಡಿ ಚುಚ್ಚಿದ ಚಿಕ್ಕ ಓಣಿ, ಅಲ್ಲೊಂದು ಇಲ್ಲೊಂದು ಹಣ್ಣು.

ಯಾಕೆ ಹೀಗೆ? ಅದಕ್ಕೆ ಉತ್ತರ ಬೇಕಾದರೆ ನ್ಯೂಗಿನಿಯ ಬೆಟ್ಟ ಹತ್ತಬೇಕು.

1870ರ ದಶಕ. ಇಟಲಿಯ ಸಸ್ಯವಿಜ್ಞಾನಿ ಒಡೊವಾರ್ಡೊ ಬೆಕಾರಿ ಗಿಡ ಹುಡುಕುತ್ತ ಅರ್ಫಾಕ್ ಬೆಟ್ಟದ ಕಾಡಿನಲ್ಲಿ ನಡೆಯುತ್ತಿದ್ದಾರೆ. ಎದುರಿಗೆ ಒಂದು ಪುಟಾಣಿ ಗುಡಿಸಲು! ನಡುವೆ ಕಂಬ, ಸುತ್ತ ಇಳಿಜಾರು ಮಾಡು, ಮುಂದೆ ಬಾಗಿಲು. ಬಾಗಿಲ ಎದುರು ಪಾಚಿಯ ಹಸಿರು ಅಂಗಳ, ಅಂಗಳದಲ್ಲಿ ಹೂವು, ಹಣ್ಣು, ಅಣಬೆ, ಕೀಟಗಳ ಹೊಳೆಯುವ ರೆಕ್ಕೆಚಿಪ್ಪು, ಒಂದೊಂದು ಬಣ್ಣ ಒಂದೊಂದು ಗುಡ್ಡೆ. ಮಕ್ಕಳು ಆಟಕ್ಕೆ ಕಟ್ಟಿದ್ದೇನೋ ಎಂದು ಯಾರಿಗಾದರೂ ಅನಿಸಬೇಕು. ಅದನ್ನು ಕಟ್ಟಿದ್ದು ಒಂದು ಗೇಣುದ್ದದ ಕಂದು ಹಕ್ಕಿ. ಮಾಡಿಗೆ ಹೊದಿಸಿದ್ದು ಆರ್ಕಿಡ್ ಗಿಡದ ಕಾಂಡಗಳೆಂದು ಸಸ್ಯವಿಜ್ಞಾನಿಯಾದ ಬೆಕಾರಿಗೆ ತಕ್ಷಣ ಗೊತ್ತಾಯಿತು. ಜೊತೆಗಿದ್ದ ಬೇಟೆಗಾರರು ಹಕ್ಕಿಗೆ ಆಗಲೇ ಹೆಸರಿಟ್ಟಿದ್ದರು, ಮಲಯ್ ಮಾತಿನಲ್ಲಿ 'ತುಕಾಂಗ್ ಕೆಬುನ್'. ಅಂದರೆ ತೋಟದ ಮಾಲಿ. ಬಾಡಿದ ಹೂವನ್ನು ಎತ್ತಿ ಹಿಂದಕ್ಕೆಸೆದು ಹೊಸದನ್ನು ತಂದಿಡುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೇ? ಪಂಡಿತರಿಟ್ಟ ಹೆಸರು 'ಇನಾರ್ನೇಟಾ', ಅಲಂಕಾರವಿಲ್ಲದ್ದು! ಮೈ ನೋಡಿ ಇಟ್ಟ ಹೆಸರು. ಅಂಗಳ ನೋಡಿದ್ದರೆ ಹಾಗೆ ಇಡುತ್ತಿದ್ದರೇ?

ಗುಟ್ಟು ಇಲ್ಲೇ ಇದೆ. ಈ ಮಾಲಿಯ ಬಂಧುಗಳು ಅದೇ ದ್ವೀಪದಲ್ಲಿ ಇನ್ನೂ ಇವೆ. ಮ್ಯಾಕ್‌ಗ್ರೆಗರ್ ಬೌವರ್ ಹಕ್ಕಿಗೆ ತಲೆಯ ಮೇಲೆ ದೊಡ್ಡ ಕಿತ್ತಳೆ ಜುಟ್ಟು, ಕುಣಿಯುವಾಗ ಬಿಚ್ಚಿಕೊಳ್ಳುತ್ತದೆ. ಅದರ ಚಪ್ಪರ ಸರಳ, ಒಂದು ಎಳೆಮರದ ಸುತ್ತ ಕಡ್ಡಿ ಪೇರಿಸಿ ಬುಡಕ್ಕೆ ಪಾಚಿಯ ಕಟ್ಟೆ. ಇನ್ನೊಂದಕ್ಕೆ ಜುಟ್ಟು ಗಿಡ್ಡ, ಚಪ್ಪರ ಸ್ವಲ್ಪ ಹೆಚ್ಚು ಕಲಾತ್ಮಕ. ಅರ್ಫಾಕ್‌ನ ಮಾಲಿಗೆ ಜುಟ್ಟೇ ಇಲ್ಲ, ಗುಡಿಸಲು ಅರಮನೆ! ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಥಾಮಸ್ ಗಿಲಿಯಾರ್ಡ್ 1956ರಲ್ಲಿ ಇದನ್ನು ಬರೆದಾಗ ಎಲ್ಲರೂ ಹುಬ್ಬೇರಿಸಿದರು. ಮೈಮೇಲಿದ್ದ ಚೆಲುವು ನೆಲಕ್ಕೆ ಇಳಿದಿದೆ. ಗರಿ ಮಾಡಬೇಕಾದ ಕೆಲಸವನ್ನು ಹೂವು ಮಾಡುತ್ತಿದೆ. ಹೊಳೆಯುವ ಮೈ ಗಿಡುಗನ ಕಣ್ಣಿಗೆ ಬೀಳುತ್ತದೆ, ನೆಲದ ಮೇಲಿಟ್ಟ ಹೂವಿಗೆ ಆ ಭಯವಿಲ್ಲ.

ಈ ಲೆಕ್ಕ ಎಲ್ಲ ಕಡೆಯೂ ಸರಿಹೋಗುವುದಿಲ್ಲ, ಒಪ್ಪುತ್ತೇನೆ. ಕ್ವೀನ್ಸ್‌ಲ್ಯಾಂಡಿನ ಉತ್ತರದ ಎತ್ತರದ ಮಳೆಕಾಡುಗಳಲ್ಲಷ್ಟೇ ಇರುವ ಬಂಗಾರ ಬೌವರ್ ಹಕ್ಕಿ ಕುಟುಂಬದಲ್ಲೇ ಚಿಕ್ಕದು, ಉದ್ದ 25 ಸೆಂಟಿಮೀಟರ್ ಮೀರುವುದಿಲ್ಲ, ಮೈಯೆಲ್ಲ ಬಂಗಾರ. ಅದು ಕಟ್ಟುವುದು ಎರಡು ಗೋಪುರ, ನಡುವೆ ಅಡ್ಡ ರೆಂಬೆ. ಗೋಪುರ ಕೆಲವು ಕಡೆ ಮನುಷ್ಯನಿಗಿಂತ ಎತ್ತರ, ಮೂರು ಮೀಟರ್‌ವರೆಗೂ! ಒಂದೇ ಚಪ್ಪರ ದಶಕಗಟ್ಟಲೆ ಉಳಿಯುತ್ತದೆ, ಒಬ್ಬ ಹೋದರೆ ಇನ್ನೊಬ್ಬ ಯಜಮಾನ. ಬಣ್ಣವೂ ಬೇಕು, ಬಂಗಲೆಯೂ ಬೇಕು ಎನ್ನುವ ಜಾತಿ. ತಂಪು ಬೆಟ್ಟದ ಹಕ್ಕಿಯಾದ್ದರಿಂದ ಹವೆ ಬಿಸಿಯಾದಂತೆ ಮೇಲಕ್ಕೇ ಹೋಗಬೇಕು. ತುದಿ ಮುಟ್ಟಿದ ಮೇಲೆ ಬೆಟ್ಟ ಬೆಳೆಯುವುದಿಲ್ಲ.

ಮತ್ತೆ ನ್ಯೂಗಿನಿಗೆ ಬನ್ನಿ, ಅಲ್ಲಿಯ ಬೆರಗು ಮುಗಿದಿಲ್ಲ. ಅರ್ಫಾಕ್‌ನಲ್ಲಿ ಬಣ್ಣಬಣ್ಣದ ತೋಟ ಮಾಡುವ ಅದೇ ಕಂದು ಹಕ್ಕಿ ದಕ್ಷಿಣದ ಕುಮಾವಾ ಬೆಟ್ಟಗಳಲ್ಲಿ ಗುಡಿಸಲನ್ನೇ ಕಟ್ಟುವುದಿಲ್ಲ. ಕಡ್ಡಿಯ ಗೋಪುರ, ಸುತ್ತ ಸತ್ತ ಪಾಚಿಯ ಹಾಸು, ಮೇಲೆ ಬಸವನಹುಳುವಿನ ಚಿಪ್ಪು, ಕಲ್ಲು, ಕಡ್ಡಿ. ಎಲ್ಲ ಕಂದು, ಕಪ್ಪು, ಬೂದು. ಜೇರೆಡ್ ಡೈಮಂಡ್ ಎಂಬ ವಿಜ್ಞಾನಿ ಇಸ್ಪೀಟಿನ ಜೂಜಿಗೆ ಬಳಸುವ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಹೊತ್ತುಕೊಂಡು ಹೋಗಿ ಚಪ್ಪರಗಳ ಎದುರಿಟ್ಟರು. ಬಣ್ಣ ಪ್ರಿಯರಿರುವ ಬೆಟ್ಟದಲ್ಲಿ ಹಕ್ಕಿಗಳು ಬಿಲ್ಲೆಗೆ ಮುಗಿಬಿದ್ದವು, ನೀಲಿಗೆ ಮೊದಲ ಮಣೆ, ಬಿಳಿಗೆ ಕೊನೆ. ಕುಮಾವಾದ ಹಕ್ಕಿಗಳು ಅಷ್ಟನ್ನೂ ಎತ್ತಿ ಆಚೆ ಹಾಕಿದವು. ಮೈ ಒಂದೇ, ಮನಸ್ಸಿನ ಮೆಚ್ಚುಗೆ ಬೇರೆ. ಬಯಲುಸೀಮೆಯ ರಂಗೋಲಿಗೂ ಕರಾವಳಿಯ ರಂಗೋಲಿಗೂ ಇರುವ ಹಾಗೆ ಬೆಟ್ಟಕ್ಕೊಂದು ಸಂಪ್ರದಾಯ!

ಇದೇ ಡೈಮಂಡ್ ಇನ್ನೊಂದು ನಿಧಿಯನ್ನೂ ಹುಡುಕಿದವರು. ಯುರೋಪಿನ ಹೆಂಗಸರ ಟೋಪಿಗೆ ಗರಿ ಮಾರುತ್ತಿದ್ದ ಕಾಲದಲ್ಲಿ ಚಿನ್ನದ ಜುಟ್ಟಿನ ಒಂದು ಬೌವರ್ ಹಕ್ಕಿಯ ಒಣಚರ್ಮಗಳು ವ್ಯಾಪಾರಿಗಳ ಮೂಲಕ ಪಕ್ಷಿಸಂಗ್ರಾಹಕ ವಾಲ್ಟರ್ ರಾಥ್‌ಚೈಲ್ಡ್ ಕೈ ಸೇರಿದವು. 1895ರಲ್ಲಿ ಅವರು ಹೆಸರಿಟ್ಟರು. ಎಲ್ಲಿಯ ಹಕ್ಕಿ? ಯಾರಿಗೂ ಗೊತ್ತಿಲ್ಲ. ಹುಡುಕಿ ಹೋದವರೆಲ್ಲ ಬರಿಗೈಲಿ ಬಂದರು. ಎಂಬತ್ತು ವರ್ಷ ದಾಟಿದ ಮೇಲೆ, ಜನವಸತಿಯೇ ಇಲ್ಲದ ಫೋಜಾ ಬೆಟ್ಟಗಳಲ್ಲಿ ಡೈಮಂಡ್ ಅದನ್ನು ಜೀವಂತವಾಗಿ ಕಂಡು 1982ರಲ್ಲಿ ಪ್ರಕಟಿಸಿದರು. ಕಡ್ಡಿಯ ಗೋಪುರ, ಬುಡದಲ್ಲಿ ನೀಲಿ, ಹಸಿರು, ಹಳದಿ ಹಣ್ಣುಗಳ ಪ್ರತ್ಯೇಕ ಗುಡ್ಡೆ. ಮೊದಲ ಫೋಟೊ ಸಿಗಲು 2005ರಲ್ಲಿ ಇನ್ನೊಂದು ತಂಡ ಅಲ್ಲಿಗೆ ಹೋಗಬೇಕಾಯಿತು.

ಆರ್ಚ್‌ಬೋಲ್ಡ್ ಬೌವರ್ ಹಕ್ಕಿಯದು ದುಬಾರಿ ಶೋಕಿ. ಸ್ಯಾಕ್ಸನಿ ರಾಜನ ಹೆಸರಿನ ಸ್ವರ್ಗಪಕ್ಷಿಯ ತಲೆಯಿಂದ ಉದುರುವ ಉದ್ದನೆಯ ಗರಿಯೇ ಅದಕ್ಕೆ ಬೇಕು. ನ್ಯೂಗಿನಿಯ ಗುಡ್ಡಗಾಡಿನ ಜನರೂ ಹಬ್ಬದ ಮುಡಿಗೆ ಅದೇ ಗರಿ ಹುಡುಕುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಹಲ್ಲುಕೊಕ್ಕಿನ ಬೌವರ್ ಹಕ್ಕಿ ಏನನ್ನೂ ಕಟ್ಟುವುದಿಲ್ಲ. ನೆಲ ಗುಡಿಸಿ, ಗರಗಸದಂಥ ಕೊಕ್ಕಿನಿಂದ ಹಸಿ ಎಲೆ ಕೊಯ್ದು ತಂದು, ತೆಳುಬಣ್ಣದ ಹಿಂಬದಿ ಮೇಲೆ ಕಾಣುವಂತೆ ಮಗುಚಿ ಹಾಸುತ್ತದೆ. ಬಾಡಿದರೆ ಬದಲು. ಪಂಕ್ತಿಗೆ ಎಲೆ ಹಾಕುವವರ ಶ್ರದ್ಧೆ. ಇನ್ನು ಬೆಕ್ಕಿನಂತೆ ಅಳುವ ಹಸಿರು ಕ್ಯಾಟ್‌ಬರ್ಡ್‌ಗಳಿಗೆ ಚಪ್ಪರವೂ ಬೇಡ, ಕುಣಿತವೂ ಬೇಡ. ಗಂಡಹೆಂಡಿರು ಜೊತೆಯಲ್ಲೇ ಇದ್ದು ಮರಿ ಸಾಕುತ್ತವೆ.

ಒಣ ಬಯಲಿನ ಚುಕ್ಕಿ ಬೌವರ್ ಹಕ್ಕಿಗೆ ನಮ್ಮ ಬದನೆಯ ಕುಲದ ಒಂದು ಕಾಡುಗಿಡದ ಹಸಿರು ಕಾಯಿ ಇಷ್ಟ. ಒಣಗಿದ್ದನ್ನು ಎಸೆದಲ್ಲಿ ಬೀಜ ಮೊಳೆತು ಚಪ್ಪರದ ಸುತ್ತ ಅದೇ ಗಿಡಗಳ ತೋಟವಾಗುತ್ತದೆ. ತಿನ್ನುವುದಕ್ಕಲ್ಲ, ಚೆಂದಕ್ಕೆ! ಬೇಕೆಂದು ಬಿತ್ತುವುದಿಲ್ಲ, ನಿಜ. ಆದರೂ ಮನುಷ್ಯನನ್ನು ಬಿಟ್ಟು ಅಲಂಕಾರಕ್ಕಾಗಿ ಹೀಗೆ ಗಿಡ ಬೆಳೆಯುವಂತೆ ಮಾಡುವ ಇನ್ನೊಂದು ಜೀವಿಯನ್ನು ನಾನು ಕೇಳಿಲ್ಲ.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದ್ದು ಉತ್ತರ ಆಸ್ಟ್ರೇಲಿಯಾದ ಗ್ರೇಟ್ ಬೌವರ್ ಹಕ್ಕಿ. ನೋಡಲು ಬೂದು, ಕತ್ತಿನ ಹಿಂದೆ ಮುಚ್ಚಿಟ್ಟ ಗುಲಾಬಿ ಜುಟ್ಟು. ಅಂಗಳದಲ್ಲಿ ಬಿಳಿ ಕಲ್ಲು, ಚಿಪ್ಪು, ಮೂಳೆ. ಸುಮ್ಮನೆ ಸುರಿದದ್ದಲ್ಲ. ಓಣಿಯ ಹತ್ತಿರ ಚಿಕ್ಕವು, ದೂರ ಹೋದಂತೆ ದೊಡ್ಡವು. ದಸರೆಗೆ ಬೊಂಬೆ ಕೂರಿಸುವವರಂತೆ ಮುಂದೆ ಚಿಕ್ಕದು, ಹಿಂದೆ ದೊಡ್ಡದು. ದೂರದ ವಸ್ತು ಕಣ್ಣಿಗೆ ಚಿಕ್ಕದಾಗಿ ಕಾಣಬೇಕಲ್ಲ? ದೊಡ್ಡದನ್ನೇ ದೂರ ಇಟ್ಟರೆ ಓಣಿಯೊಳಗೆ ನಿಂತ ಹೆಣ್ಣಿಗೆ ಎಲ್ಲ ಕಲ್ಲೂ ಒಂದೇ ಗಾತ್ರವಾಗಿ ಕಾಣುತ್ತದೆ. ಅಂಗಳದ ಅಳತೆ ತಪ್ಪುತ್ತದೆ, ಅದರ ಮೇಲೆ ನಿಂತ ಗಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಕಣ್ಕಟ್ಟು! ಜಾನ್ ಎಂಡ್ಲರ್ ತಂಡದವರು ಕಲ್ಲುಗಳನ್ನು ತಿರುವುಮುರುವು ಮಾಡಿಟ್ಟರು, ದೊಡ್ಡದು ಹತ್ತಿರ, ಚಿಕ್ಕದು ದೂರ. ಮೂರೇ ದಿನದಲ್ಲಿ ಹಕ್ಕಿಗಳು ಮತ್ತೆ ಮೊದಲಿನಂತೆ ಜೋಡಿಸಿಬಿಟ್ಟವು! 2010ರಲ್ಲಿ ಈ ಸುದ್ದಿ ಬಂತು. ಎರಡು ವರ್ಷದ ನಂತರ ಇನ್ನೊಂದು: ಈ ಕಣ್ಕಟ್ಟು ಯಾರದು ಹೆಚ್ಚು ಸಮನಾಗಿತ್ತೋ ಅವನಿಗೇ ಹೆಚ್ಚು ಹೆಣ್ಣುಗಳು ಒಲಿದಿದ್ದವು.

ಹೊರಡುವ ಹಿಂದಿನ ಬೆಳಿಗ್ಗೆ ಒಬ್ಬನೇ ಪೊದೆಯ ಹತ್ತಿರ ಹೋಗಿ ಕೂತೆ. ಹಸಿರು ಮೈಯ ಹೆಣ್ಣೊಂದು ಸದ್ದಿಲ್ಲದೆ ಬಂದು ಓಣಿಯೊಳಗೆ ನಿಂತಿತು. ನೀಲಿಯವನಿಗೆ ಮೈಮೇಲೆ ದೇವರು ಬಂದಂತಾಯಿತು. ಗರಿ ನಿಮಿರಿಸಿದ, ಗರಗರ ಎಂದ, ಅತ್ತ ಓಡಿದ, ಇತ್ತ ಓಡಿದ. ಎಲ್ಲ ಬಿಟ್ಟು ನನ್ನ ಒಂದು ಕ್ಲಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿ ಎತ್ತಿ ಹಿಡಿದ. ಹೆಣ್ಣು ಸ್ವಲ್ಪ ಕುಗ್ಗಿತು. ನಾನೂ ಕುಗ್ಗಿದೆ. ಇನ್ನೇನು ಎನ್ನುವಷ್ಟರಲ್ಲಿ ಅವನು ಜೋರಾಗಿ ರೆಕ್ಕೆ ಬಡಿದ, ಹೆಣ್ಣು ಪುರ್ರೆಂದು ಹಾರಿತು.

ಅವನು ಸ್ವಲ್ಪ ಹೊತ್ತು ಹಾಗೇ ನಿಂತಿದ್ದ, ಬಾಯಲ್ಲಿ ಕ್ಲಿಪ್ಪು. ಆಮೇಲೆ ಅದನ್ನು ಹುಲ್ಲಿನ ಮೇಲಿಟ್ಟ. ಹಿಂದೆ ಸರಿದು ನೋಡಿದ. ಮತ್ತೆ ಎತ್ತಿ ಒಂದು ಬೆರಳಷ್ಟು ಬಲಕ್ಕೆ ಇಟ್ಟ.

ಸಂಜೆ ಪೇಟೆಗೆ ಹೋದವನು ಅಕ್ಕನಿಗೆ ಹೊಸ ಕ್ಲಿಪ್ಪಿನ ಪ್ಯಾಕೆಟ್ಟು ತಂದೆ. ಇಪ್ಪತ್ನಾಲ್ಕರಲ್ಲಿ ಆರು ನೀಲಿ. ಅಕ್ಕ ಅವನ್ನು ಆರಿಸಿ ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. "ಎರಡು ಹೊರಗಿಡೇ," ಎಂದೆ. ಅವಳು ನನ್ನ ಮುಖ ನೋಡಿದಳು, ನಕ್ಕಳು, ಎರಡು ತೆಗೆದು ಹುಲ್ಲಿನ ಮೇಲೆ ಎಸೆದಳು.